ಎಡಗಿವಿಯ ಮನೆ

ದೊಸಿಂದಾಳ ಅಂಗಡಿಯಲ್ಲಿ ಫೋಟೋ ತೆಗೆಸಿಕೊಳ್ಳದವರು ನಮ್ಮ ಬರ್ಶೆಲಾ ಊರಲ್ಲಿ ಯಾರೂ ಇಲ್ಲ. ಗುರುತಿನ ಚೀಟಿಗೆ ಅವಳೇ, ಮದುವೆಗೆ ಅವಳೇ, ಸತ್ತ ಮೇಲೆ ಗೋರಿಕಲ್ಲಿಗೆ ಅಂಟಿಸುವ ಪಿಂಗಾಣಿ ಬಿಲ್ಲೆಯ ಮುಖಕ್ಕೂ ಅವಳೇ. ಸ್ಟೂಲಿನ ಮೇಲೆ ಕೂತವರಿಗೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಕೂದ್ಲು ಹಿಂದಕ್ಕೆ ಹಾಕು, ಕಿವಿ ಕಾಣ್ಬೇಕು." ನಗು ಎಂದು ಯಾರಿಗಾದರೂ ಹೇಳಿದ್ದು ನನಗೆ ನೆನಪಿಲ್ಲ. ನನ್ನ ಮದುವೆಯ ಫೋಟೋದಲ್ಲಿ ನಾನೂ ನನ್ನ ಹೆಂಡತಿಯೂ ಪೊಲೀಸರು ಹಿಡಿದು ತಂದವರ ಹಾಗೆ ನಿಂತಿದ್ದೇವೆ. ಕಿವಿ ಮಾತ್ರ ನಾಲ್ಕೂ ಸ್ಪಷ್ಟವಾಗಿವೆ.

ನಾನು ಅಮಾರೊ. ಅವಳ ಅಂಗಡಿಯ ಎದುರಿಗೇ ನನ್ನ ಹೆಂಡದಂಗಡಿ. ಮಧ್ಯಾಹ್ನ ಅವಳು ಸೊಪ್ಪಿನ ಸಾರು ಕುಡಿಯುವುದು ನನ್ನಲ್ಲೇ, ಉಪ್ಪು ಹೆಚ್ಚಾಯಿತೆಂದು ನನ್ನ ಹೆಂಡತಿಯ ಹತ್ತಿರ ಜಗಳ ಆಡುವುದೂ ಅಲ್ಲೇ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆ ವಸಂತದಲ್ಲಿ ಅವಳನ್ನು ನನ್ನ ಹಳೇ ವ್ಯಾನಿನಲ್ಲಿ ಗುಡ್ಡದ ಬುಡಕ್ಕೆ ಬಿಟ್ಟು ಬರುತ್ತಿದ್ದವನು ನಾನು. ಆದ್ದರಿಂದ ಈ ಕತೆ ಹೇಳುವ ಹಕ್ಕು ನನ್ನದು. ಬೇರೆಯವರು ಹೇಳಿದರೆ ಅರ್ಧ ಸುಳ್ಳಿರುತ್ತದೆ.

ನಮ್ಮ ಗುಡ್ಡದ ತಟ್ಟುಗಳನ್ನು ಹೊರಗಿನವರು ಕಾಡುಕುದುರೆ ಎನ್ನುತ್ತಾರೆ. ಕಾಡಿನವೇ ಹೌದು. ಲಾಯವಿಲ್ಲ, ಮೇವು ಹಾಕುವವರಿಲ್ಲ, ಹುಟ್ಟುವುದೂ ಸಾಯುವುದೂ ಅಲ್ಲೇ, ತೋಳಕ್ಕೆ ಸಿಕ್ಕಿದ್ದು ತೋಳಕ್ಕೆ. ಆದರೂ ಒಂದೊಂದಕ್ಕೂ ಒಂದು ಮನೆಯಿದೆ. ಜುಲೈ ಬಂತೆಂದರೆ ಊರೆಲ್ಲ ಗುಡ್ಡ ಹತ್ತಿ ಅವನ್ನು ಕಲ್ಲಿನ ದೊಡ್ಡಿಗೆ ಇಳಿಸುತ್ತೇವೆ. ಹಗ್ಗವಿಲ್ಲದೆ, ಕೋಲಿಲ್ಲದೆ, ಬರಿಗೈಯಲ್ಲಿ ಹಿಡಿದು ಕುತ್ತಿಗೆಯ ಮತ್ತು ಬಾಲದ ಕೂದಲು ಕತ್ತರಿಸಿ, ಆ ವರ್ಷದ ಮರಿಗಳ ಕಿವಿಗೆ ಮನೆಯ ಗುರುತು ಹಾಕಿ ಮತ್ತೆ ಗುಡ್ಡಕ್ಕೆ ಬಿಡುತ್ತೇವೆ. ಮರಿ ಯಾವ ತಾಯಿಯ ಹಾಲು ಕುಡಿಯುತ್ತದೋ ಆ ತಾಯಿಯ ಮನೆಗೆ ಸೇರಿದ್ದು.

ನಮ್ಮೂರಿನ ಕಾಸ್ತೋರನ ಮನೆಯ ಗುರುತೂ ದೊಸಿಂದಾಳ ಮನೆಯ ಗುರುತೂ ಒಂದೇ: ಕಿವಿಯ ತುದಿಯಲ್ಲಿ ಹಕ್ಕಿಯ ಬಾಲದಂತೆ ಸೀಳಿದ ಕಚ್ಚು. ಯಾವುದೋ ಕಾಲದಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಗುರುತು ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲವಂತೆ. ಅಣ್ಣ ಬಲಗಿವಿ ಇಟ್ಟುಕೊಂಡ, ತಮ್ಮ ಎಡಗಿವಿ ತೆಗೆದುಕೊಂಡ. ಅಣ್ಣನ ಸಂತಾನ ಕಾಸ್ತೋರ, ತಮ್ಮನ ಸಂತಾನ ದೊಸಿಂದಾ. ಉಳಿದ ಮನೆಗಳೆಲ್ಲ ಬಲಗಿವಿಗೇ ತೂತೋ ಗೀರೋ ಹಾಕುತ್ತವೆ. ಹಾಗಾಗಿ ನಮ್ಮ ಗುಡ್ಡದಲ್ಲಿ ಎಡಗಿವಿಯ ಮನೆ ಎಂದರೆ ದೊಸಿಂದಾಳದೊಂದೇ.

ಆ ಮನೆಯ ತಟ್ಟುಗಳನ್ನು ನೋಡಿಕೊಳ್ಳುತ್ತಿದ್ದವನು ಅವಳ ಅಣ್ಣ ದೆಲ್ಮೀರೊ. ದೊಸಿಂದಾ ಗುಡ್ಡದ ಕಡೆ ತಲೆ ಹಾಕಿದವಳಲ್ಲ. ಅಣ್ಣ ಅಂಗಳದಲ್ಲಿ ಬೂಟು ಕಳಚುವಾಗ "ಆ ಗಬ್ಬು ಒಳಗೆ ತರ್ಬೇಡ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ತೋಳ, ಚಳಿ, ವಯಸ್ಸು ಎಲ್ಲ ಸೇರಿ ಆ ಮನೆಯ ಹಿಂಡು ಕರಗುತ್ತ ಬಂದು, ಕೊನೆಗೆ ಮೌರಾ ಎಂಬ ಒಂದೇ ಒಂದು ಕಪ್ಪು ಹೆಣ್ಣು ತಟ್ಟು ಉಳಿಯಿತು. ಅದು ಇರುವುದು ಗುಡ್ಡದ ಆಚೆ ಮಗ್ಗುಲಿನ ಎತ್ತರದ ಬಂಡೆಗಳಲ್ಲಿ. ಅಲ್ಲಿಗೆ ಹೋಗಿ ಅದನ್ನು ಇಳಿಸಿ ತರುತ್ತಿದ್ದವನು ದೆಲ್ಮೀರೊ ಒಬ್ಬನೇ. ಅವನು ಎದೆನೋವು ಬಂದು ಅಂಗಳದಲ್ಲೇ ಬಿದ್ದು ಸತ್ತ. ತಂಗಿಯೇ ಅವನ ಮುಖವನ್ನು ಪಿಂಗಾಣಿ ಬಿಲ್ಲೆಗೆ ಇಳಿಸಿ ಗೋರಿಗೆ ಅಂಟಿಸಿದಳು. ಆಮೇಲಿನ ಎರಡು ಜುಲೈಗಳಲ್ಲಿ ಮೌರಾ ದೊಡ್ಡಿಗೆ ಬರಲಿಲ್ಲ.

ನಮ್ಮಲ್ಲೊಂದು ಕಟ್ಟಳೆಯಿದೆ. ಒಂದು ಮನೆಯ ಒಂದು ತಟ್ಟೂ ಮೂರು ವರ್ಷ ಯಾರ ಕಣ್ಣಿಗೂ ಬೀಳದಿದ್ದರೆ ಆ ಮನೆಯ ಗುರುತು ಅಳಿಯಿತು, ಗುಡ್ಡದಲ್ಲಿ ಮೇಯಿಸುವ ಹಕ್ಕೂ ಅದರ ಜೊತೆಗೇ ಹೋಯಿತು. ನೋಡಿದೆ ಎನ್ನುವವರು ತಟ್ಟು ಸಾಕುವ ಬೇರೆ ಮನೆಯವರಾಗಿರಬೇಕು. ನನ್ನಂಥ ಹೆಂಡ ಮಾರುವವನ ಸಾಕ್ಷಿ ನಡೆಯುವುದಿಲ್ಲ.

ಫೆಬ್ರವರಿಯಲ್ಲಿ ಹಳೇ ಶಾಲೆಯಲ್ಲಿ ಗುಡ್ಡದ ಸಭೆ ಸೇರಿತು. ಕಾಸ್ತೋರ ಎದ್ದು, ಮೂರನೇ ವರ್ಷ ನಡೆಯುತ್ತಿದೆ, ಎಡಗಿವಿಯನ್ನು ಈಗಲೇ ತೆಗೆದುಹಾಕಿದರೆ ಮೇಯುವ ಜಾಗ ಹಂಚಿಕೊಳ್ಳಲು ಸುಲಭ ಎಂದ. ಅವನದು ದೊಡ್ಡ ಹಿಂಡು, ಅವನಿಗೆ ಹುಲ್ಲಿನ ಚಿಂತೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು.

"ಗುರುತು ಅನ್ನೋದು ಗಂಡಸಿನ ಜೊತೆ ಹೋಗೋದು ಕಣ್ರಪ್ಪ. ದೆಲ್ಮೀರೊ ಹೋದ, ಅದೂ ಹೋಯ್ತು," ಎಂದ.

ದೊಸಿಂದಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮನೆಗೊಬ್ಬರು ಬರಬೇಕೆಂಬ ನಿಯಮಕ್ಕೆ ಬಂದಿದ್ದಳೇ ಹೊರತು ಬಾಯಿ ತೆರೆಯುವ ಯೋಚನೆ ಅವಳಿಗೂ ಇರಲಿಲ್ಲ. ಮಡಿಲಲ್ಲಿದ್ದ ಹೆಣಿಗೆ ಕೆಳಗಿಟ್ಟು ಎದ್ದಳು.

"ಅಣ್ಣನ್ನ ಮಣ್ಣು ಮಾಡಿದೀನಿ ಕಾಸ್ತೋರಣ್ಣ. ಮನೇನ ಮಾಡಿಲ್ಲ. ಮೌರಾ ಬದುಕಿದಾಳೆ."

"ಯಾರ್ ನೋಡಿದಾರೆ?"

"ನಾನ್ ನೋಡ್ತೀನಿ. ಫೋಟೋ ತಂದು ಇಲ್ಲಿ ಇಡ್ತೀನಿ."

ಶಾಲೆಯ ಕೋಣೆ ತುಂಬ ನಗು. ಗುಡ್ಡದ ಒಂದು ಮುಳ್ಳೂ ಚುಚ್ಚಿಸಿಕೊಳ್ಳದ ಹೆಂಗಸು ಬಂಡೆಗಳ ಮೇಲಿನ ತಟ್ಟಿನ ಫೋಟೋ ತೆಗೆಯುತ್ತಾಳಂತೆ. ಸ್ಟೂಲಿನ ಮೇಲೆ ಕೂರಿಸುತ್ತೀಯಾ ಎಂದು ಒಬ್ಬ, ಟೈ ಕಟ್ಟುತ್ತೀಯಾ ಎಂದು ಇನ್ನೊಬ್ಬ. ಸಭೆಯ ಹಿರಿಯ ಬಿಯೆಯ್ತೊ ಮಾವ ಕೋಲಿನಿಂದ ನೆಲ ಕುಟ್ಟಿದ.

"ನನ್ ಚೀಟಿಲಿರೋ ಫೋಟೋ ನೋಡಿದ್ರೆ ಇದು ನಾನೇನಾ ಅಂತ ನಂಗೇ ಅನುಮಾನ. ಆದ್ರೂ ಪೊಲೀಸ್ನೋರು ಒಪ್ತಾರೆ. ನಾವ್ಯಾಕೆ ಒಪ್ಬಾರ್ದು? ಸಂತ ಜೋವಾನರ ಹಬ್ಬದ ಹೊತ್ತಿಗೆ ತಗೊಂಡ್ಬಾಮ್ಮ. ಕಿವಿಗುರುತು ಕಾಣ್ಬೇಕು. ಕಾಣ್ದಿದ್ರೆ ಮುಗೀತು."

ಹಬ್ಬ ಇರುವುದು ಜೂನ್ ಕೊನೆಗೆ. ಅವಳ ಕೈಯಲ್ಲಿ ಆ ವಸಂತವೊಂದೇ ಇತ್ತು.

ಅವಳ ಕ್ಯಾಮೆರಾ ಎರಡು ಕಣ್ಣಿನ ಹಳೇ ಪೆಟ್ಟಿಗೆ. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನ ಗಾಜಿನೊಳಗೆ ತಲೆ ಬಗ್ಗಿಸಿ ನೋಡಬೇಕು. ದೂರದ್ದನ್ನು ಹತ್ತಿರ ತರುವ ಲೆನ್ಸು ಅದಕ್ಕಿಲ್ಲ. ಕಿವಿಯ ತುದಿಯ ಕಚ್ಚು ಕಾಣಬೇಕೆಂದರೆ ತಟ್ಟಿನಿಂದ ನಾಲ್ಕು ಮಾರು ದೂರದಲ್ಲಿ ನಿಲ್ಲಬೇಕು. ನಮ್ಮ ತಟ್ಟುಗಳೋ, ಅರ್ಧ ಮೈಲಿ ಆಚೆ ಮನುಷ್ಯ ಕೆಮ್ಮಿದರೆ ಕಣ್ಮರೆಯಾಗುವಂಥವು. ಪಟ್ಟಣದಿಂದ ದೊಡ್ಡ ಲೆನ್ಸು ಬಾಡಿಗೆಗೆ ತಾ ಎಂದೆ.

"ಬೇಡ. ನಂಗೆ ಗೊತ್ತಿರೋದು ಇದೊಂದೇ. ಅವೇ ಹತ್ರ ಬರ್ಬೇಕು, ಇಲ್ಲಾ ನಾನೇ ಹೋಗ್ಬೇಕು," ಎಂದಳು. ಅವಳ ಜೊತೆ ವಾದ ಮಾಡುವುದಕ್ಕಿಂತ ವ್ಯಾನು ಹೊರಡಿಸುವುದು ಸುಲಭವಾಗಿತ್ತು.

ಮೊದಲ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಬೆಳಕು ಹರಿಯುವ ಮುಂಚೆ ನಾನು ಅವಳನ್ನು ಕೊನೆಯ ಗದ್ದೆಯ ಹತ್ತಿರ ಇಳಿಸುವುದು, ಅವಳು ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಹತ್ತುವುದು, ಮಧ್ಯಾಹ್ನ ತೋಶೊ ಪೊದೆಯ ಮುಳ್ಳು ಗೀರಿದ ಕಾಲು, ಕೆಸರಾದ ಲಂಗ, ಖಾಲಿ ಕೈ. ಬಾಲ ಕಂಡಿತೇ ಹೊರತು ಮುಖ ಕಾಣಲಿಲ್ಲ. ಕಾಸ್ತೋರ ನನ್ನ ಅಂಗಡಿಯಲ್ಲಿ ಇಸ್ಪೀಟು ಆಡುತ್ತ, "ಏನಮ್ಮಾ, ಎಷ್ಟ್ ಜನ ಬಂದಿದ್ರು ಫೋಟೋ ತೆಗೆಸ್ಕೊಳ್ಳೋಕೆ?" ಎಂದು ಕೇಳುತ್ತಿದ್ದ. ಅವಳು ಸಾರಿನ ಬಟ್ಟಲಿನಿಂದ ತಲೆ ಎತ್ತುತ್ತಿರಲಿಲ್ಲ.

ಮಾರ್ಚ್ ಪೂರ್ತಿ ಹಾಗೇ ಕಳೆಯಿತು. ಒಂದು ದಿನ ವ್ಯಾನಿನಲ್ಲಿ ಪಕ್ಕದಲ್ಲಿ ಕೂತಾಗ ನನ್ನ ಮೂಗಿಗೆ ಹೊಡೆಯಿತು. ಕತ್ತಲಕೋಣೆಯಲ್ಲಿ ಫೋಟೋ ತೊಳೆಯುವ ಔಷಧಿಯ ಹುಳಿ ವಾಸನೆ. ವರ್ಷಗಟ್ಟಲೆ ಅದರಲ್ಲೇ ಕೈ ಅದ್ದಿ ಅದ್ದಿ ಅವಳ ಚರ್ಮಕ್ಕೇ ಅದು ಹತ್ತಿಹೋಗಿತ್ತು.

"ದೊಸಿಂದಾ, ಬೇಜಾರ್ ಮಾಡ್ಕೋಬೇಡ ಕಣೇ. ನಿನ್ ಮೈಯೆಲ್ಲ ವಿನೆಗರ್ ಹಾಕಿದ ಸಲಾಡ್ ಥರ ನಾರ್ತಿದೆ. ನಾನೇ ತಟ್ಟಾಗಿದ್ರೂ ಓಡ್ತಿದ್ದೆ."

ಅವಳು ತನ್ನ ಕೈಯನ್ನು ತಾನೇ ಮೂಸಿ ನೋಡಿಕೊಂಡಳು. ಏನೂ ಗೊತ್ತಾಗಲಿಲ್ಲವೇನೋ. ಆದರೂ ಅವತ್ತೇ ಹೋಗಿ ಕತ್ತಲಕೋಣೆಗೆ ಬೀಗ ಹಾಕಿ, ಅಂಗಡಿಯ ಬಾಗಿಲಿಗೆ "ಹಬ್ಬದ ತನಕ ಇಲ್ಲ" ಎಂದು ಚೀಟಿ ಅಂಟಿಸಿದಳು. ಮೇ ತಿಂಗಳಲ್ಲಿ ಮದುವೆ ಇಟ್ಟುಕೊಂಡಿದ್ದ ಎರಡು ಮನೆಯವರು ಬಂದು ಬೈದು ಹೋದರು. ಅವಳು ಹಿತ್ತಲಲ್ಲಿ ಬೂದಿ ಹಾಕಿ ಕೈ ತಿಕ್ಕಿಕೊಂಡು, ದೆಲ್ಮೀರೊನ ಹಳೇ ಕೋಟು ಹುಡುಕಿ ತೆಗೆದಳು. ಅವನು ಸತ್ತ ದಿನ ಮೊಳೆಗೆ ನೇತುಹಾಕಿದ್ದು, ಒಗೆದಿರಲಿಲ್ಲ. ಯಾವ ಗಬ್ಬು ಒಳಗೆ ತರಬೇಡ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳೋ ಅದನ್ನೇ ಮೈಮೇಲೆ ಹಾಕಿಕೊಂಡಳು. ತೋಳು ಉದ್ದವಾಗಿತ್ತು, ಮಡಚಿಕೊಂಡಳು.

ಅಲ್ಲಿಂದ ಅವಳ ಕೆಲಸದ ರೀತಿಯೇ ಬೇರೆಯಾಯಿತು. ಹುಡುಕಿಕೊಂಡು ಹೋಗುವುದನ್ನು ಬಿಟ್ಟಳು. ತಟ್ಟುಗಳು ನೀರಿಗೆ ಬರುವ ದಾರಿಯಲ್ಲಿ, ಗಾಳಿ ತನ್ನ ಕಡೆ ಬೀಸುವ ಹಾಗೆ ಒಂದು ಕಲ್ಲು ನೋಡಿಕೊಂಡು ಅದರ ಮೇಲೆ ಕೂತುಬಿಟ್ಟಳು. ಬಟಾಣಿ ಬಿಡಿಸುತ್ತಿದ್ದಳು, ಹೆಣೆಯುತ್ತಿದ್ದಳು. ಮಳೆ ಬಂದರೆ ನೆನೆಯುತ್ತಿದ್ದಳು. ಒಮ್ಮೆ ಜ್ವರ ಬಂದು ಎರಡು ದಿನ ಮಲಗಿದ್ದಳು, ಮೂರನೇ ದಿನ ಕಣ್ಣು ಕೆಂಪಗೆ ಮಾಡಿಕೊಂಡು ನನ್ನ ವ್ಯಾನಿನ ಪಕ್ಕ ನಿಂತಿದ್ದಳು. ನನ್ನ ಹೆಂಡತಿ ಕಿಟಕಿಯಿಂದಲೇ ಕೂಗಿದಳು.

"ಸಾಯ್ತೀಯಾ ಕಣೇ. ನಿನ್ ಬಿಲ್ಲೆ ಮಾಡೋಕೆ ಊರಲ್ಲಿ ಇನ್ಯಾರಿದಾರೆ?"

"ಅದಕ್ಕೇ ಸಾಯಲ್ಲ ಬಿಡು," ಎಂದು ಇವಳು ವ್ಯಾನು ಹತ್ತಿದಳು.

ಆ ಪೆಟ್ಟಿಗೆ ಕ್ಯಾಮೆರಾದ ಒಂದು ಗುಣ ಅವಳಿಗೆ ಅಲ್ಲಿ ಒದಗಿ ಬಂತು. ಗಾಜು ನೋಡಲು ತಲೆ ಬಗ್ಗಿಸಲೇಬೇಕು. ದಿಟ್ಟಿಸಿ ನೋಡುವವರನ್ನು ತಟ್ಟು ನಂಬುವುದಿಲ್ಲ. ತಲೆ ತಗ್ಗಿಸಿಕೊಂಡು ಕೂತ ಈ ಹೆಂಗಸು ತಮ್ಮ ಹಾಗೇ ಏನೋ ಮೇಯುತ್ತಿದೆ ಎಂದುಕೊಂಡವೋ ಏನೋ, ಏಪ್ರಿಲ್ ಕೊನೆಗೆ ಒಂದು ಹಿಂಡು ಅವಳ ಕಲ್ಲಿನ ಪಕ್ಕದಲ್ಲೇ ಹಾದು ನೀರಿಗೆ ಹೋಯಿತು. ಅವತ್ತು ಊಟಕ್ಕೆ ಬಂದವಳು ಮೊದಲ ಸಲ ತಾನಾಗಿ ಮಾತು ತೆಗೆದಳು.

"ಅಮಾರೊ, ಅವಕ್ಕೆ ಮೀಸೆ ಇದೆ ಕಣೋ."

"ಇರತ್ತೆ. ಮುಳ್ಳು ತಿಂತಾವಲ್ಲ, ಮೂತಿ ಉಳಿಸ್ಕೋಬೇಡ್ವಾ?"

"ಹೆಣ್ಣಿಗೂ ಇದೆ."

"ನಮ್ಮತ್ತೆಗೂ ಇತ್ತು."

ನಗದ ದೊಸಿಂದಾ ನಕ್ಕಳು. ಒಂದೊಂದು ಮೀಸೆ ಒಂದೊಂದು ಥರ, ಗಂಡಿನದು ಪಾದ್ರಿಯ ಹಾಗೆ, ಒಂದು ಬೂದು ಹೆಣ್ಣಿನದು ಅಂಚೆಯವನ ಹಾಗೆ ಎಂದು ಒಂದೇ ಸಮನೆ ಹೇಳಿದಳು. ಅಣ್ಣ ಇಷ್ಟು ವರ್ಷ ಇದನ್ನೆಲ್ಲ ನೋಡಿಕೊಂಡು ಬಂದು ಮನೆಯಲ್ಲಿ ಯಾಕೆ ಒಂದು ಮಾತೂ ಹೇಳಲಿಲ್ಲ ಎಂದಳು. ಆಮೇಲೆ ತಾನೇ, "ಬಾಗ್ಲು ಹಾಕ್ಕೋತಿದ್ನಲ್ಲ, ಯಾರಿಗ್ ಹೇಳ್ತಾನೆ," ಎಂದು ಸಾರು ಕುಡಿದಳು.

ಮೇ ತಿಂಗಳ ಒಂದು ಬೆಳಿಗ್ಗೆ ಮಂಜು ಸರಿದಾಗ, ಆ ಹಿಂಡಿಗೆ ಹೊಸದಾಗಿ ಸೇರಿದ್ದ ಕಪ್ಪು ಹೆಣ್ಣು ತಟ್ಟೊಂದು ಅವಳ ಎದುರಿಗೆ ನಿಂತಿತ್ತು. ಅಷ್ಟು ಹತ್ತಿರ. ಗಾಜಿನಲ್ಲಿ ನೋಡಿದರೆ ಎಡಗಿವಿಯ ತುದಿಯಲ್ಲಿ ಹಕ್ಕಿಬಾಲದ ಕಚ್ಚು. ಕ್ಯಾಮೆರಾ ಅಲುಗದಂತೆ ಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು ರೋಲು ಮುಗಿಯುವವರೆಗೆ ತೆಗೆದಳು. ನನ್ನ ವ್ಯಾನಿಗೂ ಕಾಯದೆ ಅಷ್ಟೂ ದಾರಿ ಓಡುತ್ತ ಬಂದು, ಬೀಗ ಹಾಕಿದ್ದ ಕತ್ತಲಕೋಣೆ ತೆರೆದು ಒಳಗೆ ಹೋದಳು.

ತುಂಬ ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ವೈನಿನ ಎರಡು ಬಟ್ಟಲು ಹಿಡಿದುಕೊಂಡು ಹೋದೆ. ಒದ್ದೆ ಫೋಟೋ ಹಗ್ಗಕ್ಕೆ ನೇತಾಡುತ್ತಿತ್ತು. ಚೆಂದದ ಫೋಟೋ, ಹೇಳಲೇಬೇಕು. ಮೂತಿಯ ಮೇಲಿನ ಮಂಜಿನ ಹನಿಯೂ ಕಾಣುತ್ತಿತ್ತು. ದೊಸಿಂದಾ ಸ್ಟೂಲಿನ ಮೇಲೆ, ಗಿರಾಕಿ ಕೂರುವ ಜಾಗದಲ್ಲಿ, ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ಬಲಗಿವಿ," ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಆ ಕ್ಯಾಮೆರಾದ ಗಾಜಿನಲ್ಲಿ ಕನ್ನಡಿಯಂತೆ ಎಡ ಬಲ ತಿರುಗಿ ಕಾಣುತ್ತದೆ. ಸ್ಟೂಲಿನ ಮೇಲೆ ಕೂತವರ ಯಾವ ಕಿವಿ ಯಾವ ಕಡೆ ಎಂದು ಇಷ್ಟು ವರ್ಷ ಅವಳು ಯೋಚಿಸಬೇಕಾಗಿಯೇ ಇರಲಿಲ್ಲ. ಗುಡ್ಡದ ಮೇಲೆ, ಆ ಗಡಿಬಿಡಿಯಲ್ಲಿ, ಗಾಜಿನಲ್ಲಿ ಕಂಡದ್ದನ್ನೇ ನಂಬಿದಳು. ಫೋಟೋದಲ್ಲಿ ಕಚ್ಚು ಇದ್ದದ್ದು ಬಲಗಿವಿಗೆ. ಅದು ಕಾಸ್ತೋರನ ತಟ್ಟು.

ನಾನು ವೈನು ಕುಡಿದೆ. ಅವಳ ಪಾಲಿನದನ್ನೂ ಕುಡಿದೆ. ಆಮೇಲೆ ನನಗೆ ತೋಚಿದ್ದನ್ನು ಹೇಳಿದೆ.

"ಗೋರಿ ಬಿಲ್ಲೆಗೆ ಫಿಲ್ಮ್ ತಿರುವಿ ಹಾಕ್ತೀಯಲ್ಲ, ಮುಖ ಎಡ ಬಲ ಆಗ್ದೆ ಸರಿಯಾಗಿ ಅಚ್ಚಾಗ್ಲಿ ಅಂತ. ಇದನ್ನೂ ತಿರುವಿ ಹಾಕು. ಎಡಗಿವಿ ಆಗತ್ತೆ. ಯಾರಿಗ್ ಗೊತ್ತಾಗತ್ತೆ ಮಾರಾಯ್ತಿ?"

ಅದನ್ನು ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಗೆಳತಿಯ ಕಾಲು ರಕ್ತವಾಗಿದ್ದನ್ನು ನೋಡಿದವನು ಯಾವನಾದರೂ ಅದನ್ನೇ ಹೇಳುತ್ತಿದ್ದ. ಅವಳು ನನ್ನನ್ನು ಬೈಯಲಿಲ್ಲ. ಫೋಟೋ ನೋಡುತ್ತಲೇ ಇದ್ದಳು.

"ನಂಗೂ ಅದೇ ಯೋಚ್ನೆ ಬಂತು ಕಣೋ. ತಿರುವಿ ಹಾಕೀನೂ ನೋಡ್ದೆ. ಮೌರಾ ಥರಾನೇ ಕಾಣ್ತಿತ್ತು."

"ಮತ್ತೆ?"

"ಮತ್ತೇನು. ಆಮೇಲೆ ದೆಲ್ಮೀರೊ ಗುರುತು ಸುಳ್ಳಿನ್ ಮೇಲೆ ನಿಲ್ಲತ್ತೆ. ಆ ಕಾಸ್ತೋರ ಹೇಳಿದ್ದೇ ನಿಜ ಆದಂಗಾಗತ್ತೆ, ಗುರುತು ಸತ್ತೋಯ್ತು ಅಂತ. ನಂಗೆ ಮೌರಾ ಬೇಕು. ಮೌರಾ ಥರದ್ದಲ್ಲ."

ಮಾರನೇ ದಿನ ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದು ಕಾಸ್ತೋರನ ಇಸ್ಪೀಟಿನ ಮೇಲೆ ಆ ಫೋಟೋ ಇಟ್ಟಳು. ಅವನು ಮೊದಲು ರೇಗಿದ. ಆಮೇಲೆ ಕನ್ನಡಕ ಹುಡುಕಿದ. ನೋಡುತ್ತ ನೋಡುತ್ತ ಫೋಟೋವನ್ನು ಮೂಗಿನ ಹತ್ತಿರ ತಂದುಕೊಂಡ.

"ಇದು ಪೆಗಾ ಅಲ್ವಾ? ನನ್ ಪೆಗಾ. ಹೋದ್ ಚಳಿಗಾಲದಲ್ಲೇ ತೋಳ ತಿಂತು ಅಂದ್ಕೊಂಡಿದ್ದೆ."

"ತಿಂದಿಲ್ಲ. ನೀರಿನ ಕಲ್ಲಿನ್ ಹತ್ರ ಬರ್ತಾಳೆ."

ಅವನು ತಲೆ ಎತ್ತಿ ಅವಳನ್ನು ಅನುಮಾನದಿಂದ ನೋಡಿದ. "ಇದಕ್ಕೆ ನಿಂಗೇನ್ ಬೇಕು?"

"ಏನೂ ಬೇಡ ಕಾಸ್ತೋರಣ್ಣ. ಕಿವಿ ನಿಂದು, ಇಟ್ಕೋ."

ಅವಳು ಸಾರೂ ಕುಡಿಯದೆ ಹೊರಟುಹೋದಳು. ಅವತ್ತು ಕಾಸ್ತೋರ ಆಟ ಮುಂದುವರಿಸಲಿಲ್ಲ.

ಜೂನ್ ಬಂತು. ನೀರಿನ ಕಲ್ಲಿನ ಹತ್ತಿರ ಕೂತರೆ ಮೌರಾ ಸಿಗುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಅಣ್ಣ ಹೋಗುತ್ತಿದ್ದ ಬಂಡೆಗಳಿಗೇ ಹೋಗಬೇಕು. ಗಂಡಸರೇ ಆ ಏರಿಗೆ ಬಾಯಿ ಬಿಡುತ್ತಾರೆ. ಅವಳು ದಿನವೂ ಹತ್ತಿದಳು. ಕೆಲವು ದಿನ ಮಂಜು ಮುಚ್ಚಿ ತನ್ನ ಕೈಯೇ ತನಗೆ ಕಾಣುತ್ತಿರಲಿಲ್ಲವಂತೆ. ಬಂಡೆಗಳ ನಡುವೆ ಹೊಸ ಲದ್ದಿ ಕಂಡಿತು, ಸಣ್ಣ ಗೊರಸಿನ ಗುರುತೂ ಕಂಡಿತು, ತಟ್ಟು ಕಾಣಲಿಲ್ಲ. ಹಬ್ಬಕ್ಕೆ ಇನ್ನು ಎರಡೇ ದಿನ ಇದ್ದಂತೆ, ಗುಡ್ಡ ಇಳಿಯುವಾಗ ಜಾರಿ ಪಾದ ಉಳುಕಿಸಿಕೊಂಡಳು. ಕಣಕಾಲು ಊದಿ ಬೂಟೊಳಗೆ ಹೋಗದಂತಾಯಿತು.

"ಸಾಕು ಬಿಡೇ. ಕೈಲಾದ್ದು ಮಾಡಿದೀಯ," ಎಂದೆ.

"ನಾಳೆ ನೀನೂ ಬಾ. ಹತ್ತೋವಾಗ ನನ್ ಕೈ ಹಿಡ್ಕೋ," ಎಂದಳು. ಬೂಟನ್ನು ಚಾಕುವಿನಿಂದ ಪಕ್ಕಕ್ಕೆ ಸೀಳಿ ಕಾಲು ತೂರಿಸಿ, ಹಗ್ಗ ಸುತ್ತಿದಳು.

ನಾನು ದಪ್ಪ ಆಸಾಮಿ. ಪೀಪಾಯಿ ಉರುಳಿಸಿ ಗೊತ್ತೇ ಹೊರತು ಗುಡ್ಡ ಹತ್ತಿ ಗೊತ್ತಿಲ್ಲ. ಅವಳು ಕುಂಟುತ್ತ, ನಾನು ಏದುಸಿರು ಬಿಡುತ್ತ ಹತ್ತಿದೆವು. ಯಾರು ಯಾರ ಕೈ ಹಿಡಿದಿದ್ದರೆಂದು ಕೇಳಬೇಡಿ. ಬಂಡೆಗಳ ತಲೆ ಮುಟ್ಟಿದಾಗ ಬಿಸಿಲು ಬಂದಿತ್ತು. ಅವಳು ನನ್ನನ್ನು ಒಂದು ಕಲ್ಲಿನ ಹಿಂದೆ ಕೂರಿಸಿ, "ಕೆಮ್ಮಿದ್ರೆ ಕೊಂದ್ಬಿಡ್ತೀನಿ," ಎಂದು ತಾನು ಮುಂದೆ ಹೋಗಿ ಹುಲ್ಲಿನಲ್ಲಿ ಕೂತಳು. ಅಣ್ಣನ ಕೋಟಿನೊಳಗೆ ಅವಳು ಕೂತ ರೀತಿ ನೋಡಿ, ಒಂದು ಕ್ಷಣ ದೆಲ್ಮೀರೊನೇ ಅಲ್ಲಿದ್ದಾನೆ ಅನಿಸಿತು.

ತಟ್ಟು ಬಂದದ್ದು ಹಿಂದಿನಿಂದ. ಬಂಡೆಯ ಸಂದಿಯಿಂದ ಒಂದು ಕಪ್ಪು ತಲೆ ಹೊರಗೆ ಬಂತು, ಗಾಳಿ ಮೂಸಿತು. ನಿಧಾನವಾಗಿ ನಡೆದು ಬಂದು ದೊಸಿಂದಾಳ ಬೆನ್ನ ಹಿಂದೆ ನಿಂತು, ಕೋಟಿನ ಹೆಗಲನ್ನು ಮೂಸಿತು. ಆಮೇಲೆ ಮಡಚಿದ ತೋಳನ್ನು ತುಟಿಯಿಂದ ಎಳೆಯಿತು. ದೆಲ್ಮೀರೊ ಆ ತೋಳಿನಲ್ಲಿ ಉಪ್ಪಿನ ಹರಳು ಇಟ್ಟುಕೊಂಡು ಹೋಗುತ್ತಿದ್ದನೆಂದು ನನಗೆ ಗೊತ್ತಿತ್ತು, ನನ್ನ ಅಂಗಡಿಯಿಂದಲೇ ಒಯ್ಯುತ್ತಿದ್ದ. ದೊಸಿಂದಾಳಿಗೆ ಗೊತ್ತಿರಲಿಲ್ಲ. ಅವಳು ಅಲುಗಾಡದೆ ಕೂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದದ್ದು ನನ್ನ ಕಲ್ಲಿನಿಂದಲೇ ಕಾಣುತ್ತಿತ್ತು. ತಟ್ಟಿನ ಹಿಂದೆ ಕಾಲು ಗಟ್ಟಿಯಾಗದ ಒಂದು ಹೆಣ್ಣು ಮರಿ ಬಂತು.

ತಟ್ಟು ಸುತ್ತಿ ಅವಳ ಎದುರಿಗೆ ಬಂದಾಗ ನಾನು ನೋಡಬಾರದ್ದನ್ನು ನೋಡಿದೆ. ಎಡಗಿವಿ ಇರಲಿಲ್ಲ. ಬುಡದಿಂದಲೇ ಕಿತ್ತುಹೋಗಿ, ಗಾಯ ಮಾಗಿ, ಗಂಟು ಕಟ್ಟಿತ್ತು. ತೋಳದ ಕೆಲಸ. ಗುರುತು ತೋಳದ ಹೊಟ್ಟೆ ಸೇರಿತ್ತು.

ನಾನು ಕಲ್ಲಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದೆ. ಕ್ಲಿಕ್ ಎಂಬ ಸದ್ದು ಕೇಳಿ ಕಣ್ಣು ಬಿಟ್ಟೆ. ಅವಳು ಫೋಟೋ ತೆಗೆಯುತ್ತಿದ್ದಳು. ಎದುರಿನಿಂದ ಒಂದು, ಎಡ ಮಗ್ಗುಲಿಂದ, ಬಲ ಮಗ್ಗುಲಿಂದ, ಮರಿ ಹಾಲು ಕುಡಿಯುವಾಗ. ಗುರುತಿನ ಚೀಟಿಗೆ ತೆಗೆಯುವಷ್ಟೇ ನಿಧಾನವಾಗಿ, ಅಷ್ಟೇ ಗಂಟುಮುಖದಿಂದ.

ಇಳಿಯುವಾಗ ನಾನೇ ಬಾಯಿಬಿಟ್ಟೆ. "ಕಿವಿಗುರುತು ಕಾಣ್ಬೇಕು ಅಂದಿದಾರೆ ಬಿಯೆಯ್ತೊ ಮಾವ."

"ಗೊತ್ತು."

"ಕಿವೀನೇ ಇಲ್ವಲ್ಲೇ."

"ಗೊತ್ತು ಅಂದ್ನಲ್ಲ. ಇರೋದನ್ನ ತೋರಿಸ್ತೀನಿ. ನಡಿ."

ಹಬ್ಬದ ದಿನ ಸಭೆಯಲ್ಲಿ ಅವಳು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಈ ಸಲ ಯಾರೂ ನಗಲಿಲ್ಲ. ಎಲ್ಲರೂ ಬಗ್ಗಿ ನೋಡಿದರು. ಬಿಯೆಯ್ತೊ ಮಾವ ಒಂದೊಂದನ್ನೂ ಬೆಳಕಿಗೆ ಹಿಡಿದ.

"ಗುರುತು ಎಲ್ಲಮ್ಮಾ?"

"ತೋಳ ತಿಂದಿದೆ ಮಾವ. ಆದ್ರೆ ಬಲಗಿವಿ ನೋಡಿ. ತೂತಿಲ್ಲ, ಗೀರಿಲ್ಲ, ಕಚ್ಚಿಲ್ಲ. ನಿಮ್ಮೆಲ್ಲರ ಮನೇದೂ ಬಲಗಿವಿ. ಈ ವಯಸ್ಸಿನ ತಟ್ಟಿಗೆ ಬಲಗಿವಿ ಹೀಗೆ ಹಸನಾಗಿದ್ರೆ ಅದು ನಿಮ್ಯಾರ್ದೂ ಅಲ್ಲ. ಇನ್ನ್ ಯಾರ್ದು?"

ಗುಸುಗುಸು ಎದ್ದಿತು. ದೊಡ್ಡಿಗೆ ಒಮ್ಮೆಯೂ ಬರದೆ ಬೆಳೆದ ತಟ್ಟಾದರೆ ಎರಡು ಕಿವಿಗೂ ಗುರುತಿರುವುದಿಲ್ಲ, ಅದೂ ಆಗಬಹುದಲ್ಲ ಎಂದ ಒಬ್ಬ. ಕಟ್ಟಳೆ ಎಂದರೆ ಕಟ್ಟಳೆ, ಗುರುತು ಕಾಣಬೇಕು, ಕಾಣಲಿಲ್ಲ ಎಂದ ಇನ್ನೊಬ್ಬ. ಬಿಯೆಯ್ತೊ ಮಾವ ಗಡ್ಡ ಕೆರೆದುಕೊಂಡ. ಅವನಿಗೆ ಆ ಗುರುತು ಉಳಿಸಲು ಮನಸ್ಸಿದೆ, ದಾರಿ ಕಾಣುತ್ತಿಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು. ದೊಸಿಂದಾ ಮೇಜಿನ ಅಂಚು ಹಿಡಿದು ಉಳುಕಿದ ಕಾಲಿನ ಮೇಲೇ ನಿಂತಿದ್ದಳು. ಕೂರು ಎಂದರೂ ಕೂರಲಿಲ್ಲ.

ಕಾಸ್ತೋರ ಎದ್ದ. ಒಂದು ಮಾತು ಅವನು ವಿರೋಧವಾಗಿ ಆಡಿದರೆ ಮುಗಿಯಿತು.

"ನಮ್ಮಮ್ಮನ ಬಿಲ್ಲೆ ಮಾಡಿಸ್ದಾಗ ಇವಳೇ ನಂಗೆ ಹೇಳಿದ್ಲು," ಎಂದ, ಯಾರ ಮುಖವನ್ನೂ ನೋಡದೆ. "ಫಿಲ್ಮ್ ತಿರುವಿ ಹಾಕ್ದಿದ್ರೆ ಅಮ್ಮನ ಮಚ್ಚೆ ಆ ಕಡೆ ಕೆನ್ನೆಗೆ ಹೋಗತ್ತೆ ಅಂತ. ಪೆಗಾ ಫೋಟೋನೂ ತಿರುವಿ ಹಾಕಿದ್ರೆ ಕಚ್ಚು ಎಡಗಿವಿಗೆ ಬರ್ತಿತ್ತು. ನೀವೆಲ್ಲ ಒಪ್ತಿದ್ರಿ. ನಾನೂ ಒಪ್ತಿದ್ದೆ, ನನ್ ತಟ್ಟೇ ಅಂತ ಗೊತ್ತಾಗ್ದೆ. ಇವಳು ತಂದು ನನ್ ಕೈಗೆ ಕೊಟ್ಲು." ಬೇಜಾರಿನಲ್ಲೇ ಮುಗಿಸಿದ. "ಸುಳ್ಳು ಹೇಳೋದಿದ್ರೆ ಆಗ್ಲೇ ಹೇಳ್ತಿದ್ಲು. ಇದು ಮೌರಾ. ನಾನ್ ಒಪ್ದೆ. ಬರ್ಕೊಳ್ಳಿ ಮಾವ, ನಂಗೆ ಕೆಲ್ಸ ಇದೆ."

ಬಿಯೆಯ್ತೊ ಮಾವ ಕೋಲಿನಿಂದ ನೆಲ ಕುಟ್ಟಿದ. ಎಡಗಿವಿಯ ಮನೆ ಉಳಿಯಿತು. ದೊಸಿಂದಾ ಆಗ ಕೂತಳು, ಒಂದೇ ಸಲಕ್ಕೆ, ಯಾರೋ ಹಿಂದಿನಿಂದ ಕುರ್ಚಿ ನೂಕಿದ ಹಾಗೆ.

ಜುಲೈನಲ್ಲಿ ತಟ್ಟುಗಳನ್ನು ದೊಡ್ಡಿಗೆ ಇಳಿಸುವ ಭಾನುವಾರ ಬಂಡೆಗಳವರೆಗೆ ಹೋದವಳು ಅವಳೇ. ಕೋಟಿನ ತೋಳಿನಲ್ಲಿ ನಾನು ಕೊಟ್ಟ ಉಪ್ಪು ಇಟ್ಟುಕೊಂಡು, ಮೌರಾಳನ್ನೂ ಮರಿಯನ್ನೂ ಹಿಂದೆ ಕರೆದುಕೊಂಡು, ಧೂಳೆಬ್ಬಿಸಿ ಓಡುತ್ತಿದ್ದ ಹಿಂಡಿನ ಪಕ್ಕದಲ್ಲಿ ಕುಂಟುತ್ತ ಇಳಿದು ಬಂದಳು. ಮರಿಗೆ ಗುರುತು ಹಾಕಬೇಕಾದದ್ದು ಮನೆಯವರೇ. ಆ ಮನೆಯಲ್ಲಿ ಇನ್ನಾರೂ ಇರಲಿಲ್ಲ.

"ತಲೆ ನಾನ್ ಹಿಡೀತೀನಿ," ಎಂದ ಕಾಸ್ತೋರ. "ಬಾಲ ಅಮಾರೊಗಿರ್ಲಿ. ಅವನ್ ಭಾರಕ್ಕೆ ಮರಿ ಅಲ್ಲಾಡಲ್ಲ. ನೀನು ಕಣ್ ಮುಚ್ಕೋಬೇಡ, ನೇರ ಕತ್ತರಿಸು. ನಿಧಾನ ಮಾಡಿದ್ರೆ ಅದಕ್ಕೇ ನೋವು."

ಅವಳು ದೆಲ್ಮೀರೊನ ಕತ್ತರಿ ತೆಗೆದಳು. ಅಳುತ್ತಲೇ ನೇರ ಕತ್ತರಿಸಿದಳು. ಎಡಗಿವಿಯ ತುದಿಯಲ್ಲಿ ಹಕ್ಕಿಬಾಲ ಚೊಕ್ಕವಾಗಿ ಮೂಡಿತು. ನಾವು ಕೈಬಿಟ್ಟದ್ದೇ ಮರಿ ದೊಡ್ಡಿಯ ಗೋಡೆಯ ಹತ್ತಿರ ನಿಂತಿದ್ದ ತಾಯಿಯ ಕಡೆ ಓಡಿತು. ಮೌರಾ ಒಂಟಿ ಕಿವಿಯ ತಲೆ ಬಗ್ಗಿಸಿ, ಮರಿಯ ಎಡಗಿವಿಯಿಂದ ಇಳಿಯುತ್ತಿದ್ದ ರಕ್ತವನ್ನು ನೆಕ್ಕತೊಡಗಿತು.

ದೊಸಿಂದಾ ಅವತ್ತು ಕ್ಯಾಮೆರಾ ತಂದಿರಲಿಲ್ಲ.

"ಇದನ್ನ ತೆಗೀಬೇಕಿತ್ತು ಕಣೇ," ಎಂದೆ.

"ನೋಡ್ತಿದೀನಲ್ಲ," ಎಂದಳು. "ಸುಮ್ನಿರು."